ಹಿಮ್ಮಡಿಗೆ 2000 ಏಟು

ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಭಟ್ರು ನನ್ನ ಕ್ಲಿನಿಕ್ಕಿಗೆ ಬಂದದ್ದು ತುದಿಗಾಲಲ್ಲಿ. ಬಲ ಹಿಮ್ಮಡಿ ನೆಲಕ್ಕೆ ತಾಗಿಸಲಿಕ್ಕೇ ಆಗುತ್ತಿರಲಿಲ್ಲ.

“ಬೆಳಿಗ್ಗೆ ಎದ್ದು ಕಾಲು ಊರಿದ ಕೂಡ್ಲೇ ಮೊಳೆ ಹೊಡೆದ ಹಾಗೆ ಆಗ್ತದೆ ಡಾಕ್ಟ್ರೇ. ಹತ್ತು ಹೆಜ್ಜೆ ನಡೆದ್ರೆ ಸ್ವಲ್ಪ ಕಮ್ಮಿ. ಸಂಜೆಗೆ ಪುನಃ ಶುರು.”

ನಾನು ಫಿಸಿಯೋಥೆರಪಿಸ್ಟ್. ಡಾಕ್ಟ್ರೇ ಅಂದರೆ ತಿದ್ದುವುದನ್ನು ಬಿಟ್ಟು ವರ್ಷಗಳಾದವು. ಹಿಮ್ಮಡಿಯ ಒಳಬದಿಗೆ ಹೆಬ್ಬೆರಳು ಒತ್ತಿದೆ, ಭಟ್ರು ಟೇಬಲ್ಲಿನಿಂದ ಎದ್ದೇ ಕೂತರು. ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೋಗುವ ದಪ್ಪ ಪಟ್ಟಿಯೊಂದು ದಿನವಿಡೀ ಗಟ್ಟಿ ನೆಲದ ಮೇಲೆ ನಿಂತು ನಿಂತು ಸೋತಿತ್ತು.

ಅವರು ಜೋಪಾನವಾಗಿ ತಂದ ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಮುಳ್ಳಿನಂಥ ಚೂಪು ಕಾಣುತ್ತಿತ್ತು. “ಇದನ್ನು ನಿಮ್ಮ ಶಾಕ್‌ವೇವ್ ಮೆಷಿನಿನಲ್ಲಿ ಒಡೀತೀರಂತಲ್ಲ?” ಇಲ್ಲ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮುಳ್ಳು ಇರುತ್ತದೆ. ಒಡೆಯುವ ಕಲ್ಪನೆ ಬಂದದ್ದು ಮೂತ್ರಪಿಂಡದ ಕಲ್ಲಿನಿಂದ: 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ರೋಗಿಯೊಬ್ಬರ ಕಲ್ಲನ್ನು ಹೊರಗಿನಿಂದಲೇ ಆಘಾತ ತರಂಗ (ಶಾಕ್‌ವೇವ್) ಹಾಯಿಸಿ ಪುಡಿಮಾಡಿದರು. ನನ್ನ ಮೆಷಿನ್ ಅದರ ಬಡ ನೆಂಟ. ಕಂಪ್ರೆಸರ್ ಗಾಳಿ ಹ್ಯಾಂಡ್‌ಪೀಸಿನೊಳಗಿನ ಸಣ್ಣ ಲೋಹದ ಗುಂಡನ್ನು ತಳ್ಳುತ್ತದೆ, ಅದು ತುದಿಗೆ ಬಡಿಯುತ್ತದೆ, ಆ ಏಟು ಚರ್ಮದೊಳಗೆ ಇಳಿಯುತ್ತದೆ. ಕರೆಂಟು ಮೈಗೆ ತಾಗುವುದೇ ಇಲ್ಲ. ‘ಶಾಕ್’ ಎಂಬ ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ.

ಮೊದಲು ವಿಚಾರಣೆ. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಕ್ಯಾನ್ಸರ್ ಆಗಿತ್ತೇ? ಹೆಂಗಸರಾದರೆ ಬಸಿರೇ? ಭಟ್ರು ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದರು. ಏಳುವಾಗ ಮಾತ್ರ, “ಮೂರು ವಾರದ ಹಿಂದೆ ಅಲ್ಲಿಗೇ ಒಂದು ಇಂಜೆಕ್ಷನ್ ಕೊಟ್ಟಿದ್ರು” ಎಂದರು. ಸ್ಟೀರಾಯ್ಡ್! ಆರು ವಾರ ಕಳೆಯದೆ ಆ ಜಾಗಕ್ಕೆ ನಾನು ಮೆಷಿನ್ ಮುಟ್ಟಿಸುವುದಿಲ್ಲ; ಪಟ್ಟಿ ಹರಿಯುವ ಅಪಾಯ ಬೇಡ. ಇನ್ನೂ ಮೂರು ವಾರ ಕಾಯಿಸಿದೆ.

ಮೊದಲ ಸಿಟ್ಟಿಂಗ್‌ನಲ್ಲಿ ಜೆಲ್ ಹಚ್ಚಿ 1.5 ಬಾರ್ ಗಾಳಿ ಒತ್ತಡದಿಂದ ಶುರು. ಸೆಕೆಂಡಿಗೆ 10 ಏಟು, ಒಟ್ಟು 2000. ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ನೋವು ತಾಳುವಷ್ಟಿದ್ದರೆ ನಿಧಾನ 2.5ಕ್ಕೆ ಏರಿಸುತ್ತೇನೆ. ಮರಗಟ್ಟಿಸುವುದಿಲ್ಲ, ಏಕೆಂದರೆ ರೋಗಿ “ಹಾಂ, ಅಲ್ಲೇ!” ಎನ್ನುವುದೇ ನನಗೆ ದಿಕ್ಸೂಚಿ. ಮೆಷಿನ್ ಕೊಂಡ ಹೊಸತರಲ್ಲಿ ಜೋರಾಗಿ ಹೊಡೆದರೆ ಬೇಗ ಗುಣವೆಂದು ನಂಬಿದ್ದೆ. ಜನರೂ ಹಾಗೇ ನಂಬುತ್ತಾರೆ. ಕಾಲು ನೀಲಿಗಟ್ಟಿದ್ದಷ್ಟೇ ಲಾಭ.

ಆದರೆ ಭಟ್ರ ವಿಷಯದಲ್ಲಿ ನಾನು ಮಾಡಿದ ತಪ್ಪು ಬೇರೆ. ಮರುದಿನ ಫೋನ್: “ನೋವೇ ಇಲ್ಲ ಮಾರಾಯ್ರೆ!” ನಾನೂ ಹಿಗ್ಗಿದೆ. ಚೌತಿಯ ಸಮಯ, ಕಿಂಗ್ಸ್ ಸರ್ಕಲ್ ಕಡೆ ಗಣಪತಿ ನೋಡಲು ಬಂದವರೆಲ್ಲ ಹೋಟೆಲಿಗೂ ಬರುತ್ತಾರೆ. ಭಟ್ರು ಡಬಲ್ ಡ್ಯೂಟಿ ಮಾಡಿದರು. ನಾಲ್ಕನೇ ದಿನ ಮತ್ತೆ ತುದಿಗಾಲು, ಮೊದಲಿಗಿಂತ ಕೆಟ್ಟದಾಗಿ. ಅಷ್ಟು ಏಟು ಬಿದ್ದ ಮೇಲೆ ನೋವಿನ ನರಗಳು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ. ಪಟ್ಟಿ ಸುಧಾರಿಸಲು ವಾರಗಟ್ಟಲೆ ಬೇಕು. ಇದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಈಗ ಜೆಲ್ ಬಾಟಲಿ ಮುಟ್ಟುವ ಮೊದಲು ಇದನ್ನೇ ಹೇಳುತ್ತೇನೆ: ನಾಳೆ ನೋವಿಲ್ಲದಿದ್ದರೆ ನಂಬಬೇಡಿ.

ವಾರಕ್ಕೊಂದರಂತೆ ಐದು ಸಿಟ್ಟಿಂಗ್ ಆಯಿತು. ಅಸಲು ಕೆಲಸ ಮನೆಯಲ್ಲಿ. ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿ ಎತ್ತಿ ಇಳಿಸುವುದು. ಏರಲು ಮೂರು ಎಣಿಕೆ, ಮೇಲೆ ಎರಡು, ಇಳಿಯಲು ಮೂರು. ದಿನ ಬಿಟ್ಟು ದಿನ. ಹಾಸಿಗೆಯಿಂದ ಕಾಲು ಇಳಿಸುವ ಮೊದಲೇ ಬೆರಳುಗಳನ್ನು ಹಿಂದಕ್ಕೆ ಎಳೆದು ಹಿಡಿಯುವುದು. ಕಾಗದದಂತೆ ಸವೆದ ಹವಾಯಿ ಚಪ್ಪಲಿಗೆ ವಿದಾಯ. ಕಾವಲಿ ಮುಂದೆ ದಪ್ಪ ರಬ್ಬರ್ ಮ್ಯಾಟ್. ಅದಕ್ಕೆ ಧಣಿಗಳನ್ನು ಒಪ್ಪಿಸಲು ಭಟ್ರಿಗೆ ಹದಿನೈದು ದಿನ ಹಿಡಿಯಿತು.

ಮೂರನೇ ತಿಂಗಳಿಗೆ ಬೆಳಗಿನ ಮೊಳೆ ಹೋಗಿತ್ತು. ಡಬಲ್ ಡ್ಯೂಟಿಯ ರಾತ್ರಿ ಸ್ವಲ್ಪ ಸೆಳೆತ ಇನ್ನೂ ಉಂಟಂತೆ. ಭುಜದಲ್ಲಿ ಸುಣ್ಣ ಕಟ್ಟಿದವರಿಗೂ ಈ ಚಿಕಿತ್ಸೆ ಹೇಳುತ್ತೇನೆ. ಟೆನಿಸ್ ಎಲ್ಬೋಗೆ, ಅಂದರೆ ಮೊಣಕೈ ಹೊರಬದಿಯ ನೋವಿಗೆ, ಅಷ್ಟು ಭರವಸೆ ಕೊಡುವುದಿಲ್ಲ.

ಮೊನ್ನೆ ಅದೇ ಹೋಟೆಲಿನ ಸಪ್ಲೈಯರ್ ಹುಡುಗ ಬಂದ. ಹಿಮ್ಮಡಿ ನೋವು ಶುರುವಾಗಿ ಎರಡೇ ವಾರ. “ಭಟ್ರಿಗೆ ಕೊಟ್ಟ ಮೆಷಿನ್ನೇ ಕೊಡಿ ಅಕ್ಕ.” ಟವೆಲ್ ಸುತ್ತುವುದು ಹೇಗೆಂದು ತೋರಿಸಿ ಕಳಿಸಿದೆ. ಮುಖ ಸಣ್ಣದು ಮಾಡಿಕೊಂಡೇ ಹೋದ.