ಡ್ರ್ಯಾಗನ್ ಮಲಗಿದೆ, ಸ್ವಲ್ಪ ಸುಮ್ನಿರಿ

ದೀಪಾವಳಿ ಕಳೆದು ಕುಡುಪು ಷಷ್ಠಿ ಹತ್ತಿರ ಬಂತು ಎಂದರೆ ನನ್ನ ಫೋನಿಗೆ ಬಿಡುವಿಲ್ಲ. ಎಲ್ಲ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಪ್ರಾಣಿ ಸಾಕಿದವರದ್ದೇ ಕರೆ. "ಆಂಟಿ, ನಮ್ಮ ಬಿಯರ್ಡೆಡ್ ಡ್ರ್ಯಾಗನ್ ಏಳ್ತಾ ಇಲ್ಲ." "ಹುಳ ಮುಂದೆ ಹಿಡಿದರೂ ಕಣ್ಣು ಬಿಡೋದಿಲ್ಲ." "ಸಿರಿಂಜಿನಲ್ಲಿ ತಿನ್ನಿಸಲಾ?" ತಿನ್ನಿಸಬೇಡಿ. ಮೊದಲು ಆ ಸಿರಿಂಜ್ ಕೆಳಗಿಡಿ, ಆಮೇಲೆ ಮಾತಾಡೋಣ.

ಸಾಕುವ ಹುರುಪು ಈಗಿನ ಮಕ್ಕಳಿಗೆ ಬೇಕಾದಷ್ಟಿದೆ. ದುಡ್ಡು ಕೊಟ್ಟು ತರುತ್ತಾರೆ, ಗಾಜಿನ ಪೆಟ್ಟಿಗೆ ತರುತ್ತಾರೆ, ಬಣ್ಣಬಣ್ಣದ ದೀಪ ಹಾಕುತ್ತಾರೆ. ಆದರೆ ಕೈ ಸುಮ್ನಿಟ್ಟುಕೊಳ್ಳಲು ಮಾತ್ರ ಬರುವುದಿಲ್ಲ. ಮಲಗಿದ ಪ್ರಾಣಿಯನ್ನು ಗಂಟೆಗೊಮ್ಮೆ ಎತ್ತಿ ನೋಡಿದರೆ ಅದು ಬದುಕುವುದು ಹೇಗೆ? ಮಗಳು ವಿದೇಶಕ್ಕೆ ಹೊರಟಾಗ ತನ್ನ ಡ್ರ್ಯಾಗನ್ ಕಿಟ್ಟುವನ್ನು ನನ್ನ ಹತ್ತಿರ ಬಿಟ್ಟು ಹೋದಳು. ಅಂದಿನಿಂದ ಪ್ರತಿ ಚಳಿಗಾಲ ಅವನು ನಮ್ಮ ಪಡಸಾಲೆಯ ಮೂಲೆಯಲ್ಲೇ ಮಲಗಿ ಏಳುತ್ತಾನೆ. ಅವನಿಗೆ ನಾನು ಮಾಡುವುದನ್ನೇ ಇಲ್ಲಿ ಹೇಳುತ್ತೇನೆ.

ಈ ನಿದ್ದೆ ರೋಗವಲ್ಲ. ಇದರ ಹೆಸರು ಬ್ರುಮೇಶನ್. ಈ ಪ್ರಾಣಿಯ ಮೂಲ ಆಸ್ಟ್ರೇಲಿಯಾದ ಒಳನಾಡು, ಒಣ ನೆಲ. ಅಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ರಾತ್ರಿ ಕೊರೆಯುತ್ತದೆ, ಹುಳಹುಪ್ಪಟೆ ಸಿಗುವುದಿಲ್ಲ. ಆಗ ಅದು ಮಣ್ಣಿನೊಳಗೋ ಮರದ ಬೊಡ್ಡೆಯ ಅಡಿಗೋ ಸೇರಿಕೊಂಡು ಮೈಯ ಕೆಲಸವನ್ನೆಲ್ಲ ನಿಧಾನ ಮಾಡಿಬಿಡುತ್ತದೆ. ನಮ್ಮಲ್ಲಿ ಸಾಕಿದವು ಹೆಚ್ಚಾಗಿ ನಮ್ಮ ಹಗಲು ಗಿಡ್ಡವಾಗುವ ಹೊತ್ತಿಗೆ ಮಲಗುತ್ತವೆ. "ಮಂಗಳೂರಲ್ಲಿ ಎಲ್ಲಿ ಚಳಿ ಆಂಟಿ" ಎಂದು ವಾದಿಸುವವರಿದ್ದಾರೆ. ಧನುರ್ಮಾಸದ ಬೆಳಗ್ಗೆ ಇಲ್ಲಿ 20, 21 ಡಿಗ್ರಿಗೆ ಇಳಿಯುವುದುಂಟು, ಅಷ್ಟು ಸಾಕು. ಚಳಿ ಸಾಲದು ಎಂದು ಒಬ್ಬ ಹುಡುಗ ಏಸಿ ಹಾಕಿ ಅದರ ಕೆಳಗೇ ಪೆಟ್ಟಿಗೆ ಇಟ್ಟಿದ್ದ. ಕೇಳಿ ಮೈ ಉರಿಯಿತು. ಯಾರಿಗೂ ಚಳಿ ತಂದುಕೊಡಬೇಕಾಗಿಲ್ಲ. ಮಲಗುವುದಿದ್ದರೆ ಅದೇ ಮಲಗುತ್ತದೆ. ಕೆಲವು ಮಲಗುವುದೇ ಇಲ್ಲ, ಕೆಲವು ಅರೆನಿದ್ದೆಯಲ್ಲೇ ತಿಂಗಳು ಕಳೆಯುತ್ತವೆ. ಯಾವುದೂ ತಪ್ಪಲ್ಲ.

ಆದರೆ ಎಲ್ಲವನ್ನೂ ಮಲಗಲು ಬಿಡಬಾರದು. ಒಂದು ವರ್ಷ ತುಂಬದ ಮರಿಗೆ ಈ ನಿದ್ದೆ ಬೇಡ. ಅದು ಬೆಳೆಯುವ ಮೈ. ಅದಕ್ಕೆ ಬೆಳಕು, ಬಿಸಿ ಎಲ್ಲ ಸರಿಯಾಗಿ ಕೊಟ್ಟು ಎಚ್ಚರವಾಗಿಯೇ ಇಡಿ. ಬಡಕಲಾದದ್ದೂ ಬೇಡ. ಬಾಲದ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ನೋಡಿ. ಮಾಗಿದ ಕದಳಿ ಹಣ್ಣಿನ ಹಾಗೆ ದುಂಡಗೆ, ತುಂಬಿಕೊಂಡಿರಬೇಕು. ಮೂಳೆ ಕೈಗೆ ಸಿಕ್ಕಿದರೆ ಆ ವರ್ಷ ನಿದ್ದೆ ಇಲ್ಲ. ನವರಾತ್ರಿಯ ಹೊತ್ತಿಗೇ ಒಂದು ದಿನದ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬದಲ್ಲಿ ಹಾಕಿ, ಹಲ್ಲಿ ಜಾತಿಯನ್ನು ನೋಡಿ ಗೊತ್ತಿರುವ ಡಾಕ್ಟರಿಗೆ ಕೊಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ಇವನು ಮಲಗಿದರೂ ಅವು ಮಲಗುವುದಿಲ್ಲ, ಒಳಗಿಂದ ತಿನ್ನುತ್ತಲೇ ಇರುತ್ತವೆ. ನಾಯಿ ಬೆಕ್ಕು ಮಾತ್ರ ನೋಡುವವರ ಹತ್ತಿರ ಹೋಗಿ ವಿಟಮಿನ್ ಹನಿ ಹಾಕಿಸಿಕೊಂಡು ಬರಬೇಡಿ.

ಇನ್ನು ಹೊಟ್ಟೆಯ ಮಾತು. ಎಲ್ಲರೂ ಎಡವುವುದು ಇಲ್ಲೇ. ಅವನು ಮಂಕಾದ, ತಿನ್ನುವುದು ಕಡಿಮೆ ಮಾಡಿದ ಎಂದು ಗೊತ್ತಾದ ಕೂಡಲೇ ಆಹಾರ ನಿಲ್ಲಿಸಿ. ದೀಪ ಮಾತ್ರ ನಿಲ್ಲಿಸಬೇಡಿ. ಇವುಗಳ ಹೊಟ್ಟೆಗೆ ತನ್ನದೇ ಬೆಂಕಿ ಇಲ್ಲ. ಹೊರಗಿನ ಬಿಸಿ ಸಿಕ್ಕಿದರೆ ಮಾತ್ರ ತಿಂದದ್ದು ಕರಗುತ್ತದೆ. ಮೈ ತಣ್ಣಗಾದ ಮೇಲೆ ಹೊಟ್ಟೆಯಲ್ಲಿ ಉಳಿದದ್ದು ಅಲ್ಲೇ ಕೊಳೆಯುತ್ತದೆ. ಅದಕ್ಕೇ ಕಡೆಯ ಊಟದ ನಂತರ ಒಂದು ವಾರ, ಹತ್ತು ದಿನ ಬಿಸಿ ದೀಪ ಮೊದಲಿನ ಹಾಗೇ ಉರಿಯಲಿ, ಹಿಕ್ಕೆ ಪೂರ್ತಿ ಹೋಗಲಿ. ನಡುವೆ ಒಂದೆರಡು ಸಲ ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿದರೆ ಬೇಗ ಹೋಗುತ್ತದೆ. ನೀರು ಅವನ ಮೊಣಕೈ ಮುಟ್ಟಿದರೆ ಸಾಕು. ನಿಮ್ಮ ಮಣಿಕಟ್ಟಿಗೆ ಹಾಕಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅವನನ್ನು ನೀರಲ್ಲಿ ಬಿಟ್ಟು ಫೋನ್ ನೋಡುತ್ತ ನಿಲ್ಲಬೇಡಿ. ನಿದ್ದೆಗಣ್ಣಲ್ಲಿ ಮೂಗು ಮುಳುಗಿದರೆ ಕತೆ ಮುಗಿಯಿತು. ಹೊಟ್ಟೆ ಖಾಲಿಯಾದ ಮೇಲೆ ದೀಪದ ಹೊತ್ತನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಒಂದೇ ಸಲ ಆರಿಸಿಬಿಡುವುದು ಬೇಡ.

ಪೆಟ್ಟಿಗೆಯಲ್ಲಿ ಒಂದೇ ಒಂದು ಜೀವಂತ ಕ್ರಿಕೆಟ್ ಹುಳ ಉಳಿಯಬಾರದು, ಮೂಲೆಮೂಲೆ ನೋಡಿ. ಹಸಿದ ಹುಳ ಮಲಗಿದವನ ಬೆರಳನ್ನು, ಕಣ್ಣಿನ ಅಂಚನ್ನು ಕಡಿಯುತ್ತದೆ.

ಈಗ ಮಲಗುವ ಜಾಗ. ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ನಾನೇ ಮಾಡಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗುಹೆ ನಮ್ಮ ಊರಿಗೆ ಆಗುವುದಿಲ್ಲ. ಕಡಲ ಗಾಳಿ ಯಾವ ತಿಂಗಳಲ್ಲೂ ಪೂರ್ತಿ ಒಣಗುವುದಿಲ್ಲ. ಪ್ಲಾಸ್ಟಿಕ್ಕಿನ ಒಳಗೆ ಉಸಿರಿನ ಪಸೆ ಕೂತು ಬೆವರುತ್ತದೆ. ಒಣನಾಡಿನ ಪ್ರಾಣಿ ತಿಂಗಳುಗಟ್ಟಲೆ ತಂಡಿಯಲ್ಲಿ ಮಲಗಿದರೆ ಎದೆಗೆ ಕಫ ಹಿಡಿಯುತ್ತದೆ. ನನಗೆ ಬೇಕಾದದ್ದು ಮಾಡಿನ ಕೋಡಿಗೆ ಕವುಚಿ ಹಾಕುತ್ತಾರಲ್ಲ, ಆ ಬಾಗಿದ ಮಂಗಳೂರು ಹಂಚು. ಹಳೆ ಮನೆ ಕೆಡವಿದ ಕಡೆ ಎಷ್ಟು ಬೇಕಾದರೂ ಸಿಗುತ್ತದೆ. ಎರಡು ತನ್ನಿ. ಒಂದು ಸಾಲದು, ಯಾಕೆ ಎಂದು ಹೇಳುತ್ತೇನೆ.

ನಮ್ಮ ತವರುಮನೆಯಲ್ಲಿ ಮಳೆಗಾಲಕ್ಕೆ ಮೊದಲು ಅಪ್ಪ ಮಾಡು ಹತ್ತುತ್ತಿದ್ದರು. ಕೆಳಗೆ ನಾವು ಮಕ್ಕಳು ಹಂಚು ದಾಟಿಸಬೇಕು. ಪ್ರತಿ ಹಂಚನ್ನೂ ಬೆರಳ ಗೆಣ್ಣಲ್ಲಿ ಬಡಿದು ಕಿವಿಗೊಟ್ಟು ಕೇಳಿದ ಮೇಲೆಯೇ ಅವರು ಮೇಲಕ್ಕೆ ತೆಗೆದುಕೊಳ್ಳುತ್ತಿದ್ದದ್ದು. 'ಟಣ್' ಎಂದರೆ ಒಳ್ಳೆಯದು. 'ದಬ್' ಎಂದರೆ ಬಿರುಕಿದೆ, ಇಲ್ಲವೇ ನೀರು ಕುಡಿದಿದೆ. ಹಿತ್ತಿಲಲ್ಲಿ ಪೇರಿಸಿಟ್ಟ ಹಂಚಿನ ಸಂದಿಯಲ್ಲಿ ಹಾವರಾಣಿಗಳು ಇರುತ್ತಿದ್ದವು. ಒಣ ಹಂಚಿನ ಅಡಿಯಲ್ಲಿ ಮಾತ್ರ, ಪಾಚಿ ಕಟ್ಟಿದ್ದರ ಹತ್ತಿರ ಒಂದೂ ಇಲ್ಲ. ಕಿಟ್ಟುವಿಗೆ ಜಾಗ ಹುಡುಕುವಾಗ ನನಗೆ ನೆನಪಾದದ್ದು ಅದೇ ಪೇರಿಕೆ.

ತಂದ ಹಂಚನ್ನು ತೆಂಗಿನ ಕತ್ತದಲ್ಲಿ ಬಿಸಿನೀರು ಹಾಕಿ ತಿಕ್ಕಿ. ಪಾಚಿಯ ಕಪ್ಪು ಪೂರ್ತಿ ಹೋಗಬೇಕು, ಅಂಚಿಗೆ ಅಂಟಿದ ಗಾರೆ ಉದುರಬೇಕು. ಸೋಪು, ಫಿನಾಯಿಲ್ ಯಾವುದೂ ಬೇಡ. ಮಣ್ಣು ಅದನ್ನೆಲ್ಲ ಹೀರಿಕೊಂಡು ಆಮೇಲೆ ದಿನವೂ ವಾಸನೆ ಬಿಡುತ್ತದೆ. ಒಳಮೈಯನ್ನು ಅಂಗೈಯಿಂದ ಸವರಿ ನೋಡಿ. ಎಲ್ಲಿ ಚುಚ್ಚುತ್ತದೋ ಅಲ್ಲಿ ಕಲ್ಲಿಗೆ ಉಜ್ಜಿ ನಯ ಮಾಡಿ. ಆಮೇಲೆ ಬಿಸಿಲು. ಬೆಳಗ್ಗೆ ಬೆನ್ನು ಮೇಲೆ, ಮಧ್ಯಾಹ್ನ ಹೊಟ್ಟೆ ಮೇಲೆ, ಒಳಗಿನ ಪಸೆಯೆಲ್ಲ ಹೋಗುವವರೆಗೆ. ಸಂಜೆ ಇಬ್ಬನಿಗೆ ಮೊದಲೇ ಒಳಗೆ ತನ್ನಿ. ಬಡಿದು ನೋಡಿ, 'ಟಣ್' ಎನ್ನಬೇಕು. ಅನ್ನಲಿಲ್ಲವೋ, ನಾಳೆ ಮತ್ತೆ ಬಿಸಿಲಿಗೆ. ಈ ತಾಳ್ಮೆ ಯಾರಿಗೂ ಇಲ್ಲ. ಉಪ್ಪಿನಕಾಯಿ ಭರಣಿಯದ್ದೂ ಇದೇ ಹಾಡು. ತೊಳೆದು ಬಟ್ಟೆಯಲ್ಲಿ ಒರೆಸಿ ಮಿಡಿ ತುಂಬಿಸುತ್ತಾರೆ, ಆಮೇಲೆ ಬೂಸ್ಟು ಬಂತು ಎಂದು ಉಪ್ಪಿಗೆ ಬೈಯುತ್ತಾರೆ. ಭರಣಿಯ ತಳಕ್ಕೆ ಎರಡು ದಿನದ ಬಿಸಿಲು ತಾಗಿದರೆ ಬೂಸ್ಟು ಎಲ್ಲಿಂದ ಬರಬೇಕು?

ಹಂಚನ್ನು ಪೆಟ್ಟಿಗೆಯ ತಣ್ಣನೆ ಬದಿಯಲ್ಲಿ ಕವುಚಿ ಇಡಿ. ನೇರವಾಗಿ ತಳದ ಮೇಲೆಯೇ ಕೂರಬೇಕು, ಮರಳಿನ ಮೇಲೆ ಅಲ್ಲ. ಇವು ಮಲಗುವ ಮೊದಲು ಕೆರೆದು ತೋಡುತ್ತವೆ. ಮರಳು ಜಾರಿ ಹಂಚು ಮೈಮೇಲೆ ಕೂತರೆ ಆ ಭಾರ ತಡೆಯುವುದಿಲ್ಲ. ಒಂದು ಬಾಯಿಗೆ ಇಟ್ಟಿಗೆ ತುಂಡು ಅಡ್ಡ ಇಡಿ, ಇನ್ನೊಂದು ಬಾಯಿ ಗೋಡೆಯ ಕಡೆಗಿರಲಿ. ಬೆನ್ನು ಹಂಚಿಗೆ ತಾಗಿಯೂ ತಾಗದ ಹಾಗೆ ಇಕ್ಕಟ್ಟಿದ್ದರೆ ಅವನಿಗೆ ಇಷ್ಟ. ಒಳಗೆ ಹಾಸಲು ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಪಂಚೆಯ ಅಂಚು ಮಡಚಿ ಹೊಲಿಯಿರಿ. ಬಿಟ್ಟ ಒಂದು ನೂಲು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಕಪ್ಪಾಗುತ್ತದೆ. ಅಂಥ ಕಾಲು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುವುದು.

ಎರಡನೇ ಹಂಚು ಯಾಕೆ ಅಂದರೆ, ಮಣ್ಣು ಗಾಳಿಯ ಪಸೆ ಕುಡಿಯುತ್ತದೆ. ವಾರಕ್ಕೊಮ್ಮೆ ಒಂದು ಬಿಸಿಲಿನಲ್ಲಿ, ಒಂದು ಅವನ ಮೇಲೆ. ಬದಲಿಸುವಾಗ ಅವನನ್ನು ಮುಟ್ಟುವ ಕೆಲಸವೇ ಇಲ್ಲ. ಬಿಸಿಲಿಂದ ತಂದದ್ದು ಪೂರ್ತಿ ತಣಿಯಲಿ. ಕೋಣೆ ಕತ್ತಲು ಮಾಡಿ, ಹಳೆಯದನ್ನು ಎರಡು ಕೈಯಲ್ಲಿ ನೇರ ಮೇಲಕ್ಕೆತ್ತಿ, ಒಣಗಿದ್ದನ್ನು ಅದೇ ಜಾಗಕ್ಕೆ ಇಳಿಸಿ. ಮಡಕೆಯೊಳಗೆ ಮಲಗಿಸಿದರೆ ಈ ಅನುಕೂಲ ಎಲ್ಲಿದೆ? ಪ್ರತಿ ಸಲ ಅವನನ್ನು ಎಳೆದು ತೆಗೆಯಬೇಕು. ಹಂಚು ಎತ್ತಿದಾಗ ಕಿಟ್ಟು ಒಂದು ಕಣ್ಣು ಅರ್ಧ ತೆರೆದು, ಗಲ್ಲದ ಕೆಳಗಿನ ಮುಳ್ಳನ್ನು ಒಮ್ಮೆ ಉಬ್ಬಿಸಿ, ಮತ್ತೆ ಮುಚ್ಚುತ್ತಾನೆ. ಅಷ್ಟು ಕಂಡರೆ ನನಗೆ ಸಾಕು.

ಇರುವೆ ಮರೆಯಬೇಡಿ. ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡಿ, ಹಿಂದೆ ಅಡುಗೆಮನೆಯ ಕಪಾಟಿಗೆ ಇಡುತ್ತಿದ್ದೆವಲ್ಲ, ಹಾಗೆಯೇ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ. ಇರುವೆ ಚಾಕ್, ಸೊಳ್ಳೆಬತ್ತಿ ಆ ಕೋಣೆಗೆ ಬರಲೇಬಾರದು.

ಮಲಗಿದ ಮೇಲೆ ನಿಮ್ಮ ಕೆಲಸ ಎರಡೇ, ತೂಕ ಮತ್ತು ನೀರು. ಮಲಗುವ ಮೊದಲಿನ ತೂಕವನ್ನು ಅಡುಗೆಮನೆ ತಕ್ಕಡಿಯಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲೆ ಎರಡು ವಾರಕ್ಕೊಮ್ಮೆ ಬಟ್ಟೆ ಸಮೇತ ಎತ್ತಿಟ್ಟು ನೋಡಿ, ಬಟ್ಟೆಯ ತೂಕ ಕಳೆಯಿರಿ. ಸ್ವಲ್ಪ ಇಳಿಯುವುದು ಸಹಜ. 400 ಗ್ರಾಂ ಇದ್ದವನು 360ಕ್ಕೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರು, ವಾಸನೆಯ ನೀರುಭೇದಿ, ಎತ್ತಿದರೆ ಕೈಕಾಲು ಜೋತುಬೀಳುವುದು, ಇದೆಲ್ಲ ನಿದ್ದೆಯಲ್ಲ. ಆಗ ತಕ್ಕಡಿಗೂ ಕಾಯಬೇಡಿ. ಸರಿಯಾಗಿ ಮಲಗಿದವನು ಎತ್ತಿದರೆ ಉಗುರಲ್ಲಿ ಬಟ್ಟೆ ಹಿಡಿಯುತ್ತಾನೆ.

ನೀರಿಗಾಗಿ ಅವನನ್ನು ಎಬ್ಬಿಸಬೇಡಿ. ಆಗಾಗ ತಾನಾಗಿ ಹೊರಗೆ ಬಂದು ಸುಮ್ನೆ ಕೂರುತ್ತಾನೆ. ಆಗ ಬೆರಳು ಅದ್ದಿ ಮೂಗಿನ ತುದಿಗೆ ಒಂದು ಹನಿ ಬಿಡಿ. ನೆಕ್ಕಿದರೆ ಇನ್ನೊಂದು. ನೆಕ್ಕದಿದ್ದರೆ ಬಿಟ್ಟುಬಿಡಿ. ಬಾಯಿ ತೆರೆಸಿ ಹೊಯ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಪೆಟ್ಟಿಗೆಯ ಪಕ್ಕ ನಾನೊಂದು ಸಣ್ಣ ಗಾಜಿನ ಬಾಟಲಿಯಲ್ಲಿ ತೆಂಗಿನೆಣ್ಣೆ ಇಡುತ್ತೇನೆ. ಅದು ಗಟ್ಟಿಯಾಗಿದ್ದರೆ ಕೋಣೆ 24 ಡಿಗ್ರಿಗಿಂತ ಕೆಳಗಿದೆ ಎಂದರ್ಥ. ಎಣ್ಣೆ ಕರಗಿ ತಿಳಿಯಾಗುವವರೆಗೆ ತೂಕವೂ ಇಲ್ಲ, ನೀರೂ ಇಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಕಿಟ್ಟು ಏಳುತ್ತಾನೆ. ನಿಮ್ಮದು ಕೆಲವೇ ವಾರದಲ್ಲಿ ಎದ್ದರೂ ಸರಿ, ಮೂರು ತಿಂಗಳು ಮಲಗಿದರೂ ಸರಿ. ಎದ್ದ ದಿನವೇ ಸಂಭ್ರಮ ಎಂದು ಹುಳ ಸುರಿಯಬೇಡಿ. ಮೊದಲು ನೀರು. ಆಮೇಲೆ ದೀಪದ ಹೊತ್ತು ನಿಧಾನವಾಗಿ ಹೆಚ್ಚಲಿ. ಬಿಸಿ ಕಾಯುವ ಜಾಗ 40 ಡಿಗ್ರಿಯ ಸುತ್ತ ಬಂದು, ಅವನು ಒಂದೆರಡು ದಿನ ಚೆನ್ನಾಗಿ ಕಾಯಿಸಿಕೊಂಡ ಮೇಲೆ ಊಟ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ಯುವಿ ಟ್ಯೂಬ್ ಹಳತಾಗಿದ್ದರೆ ಆಗಲೇ ಬದಲಿಸಿ. ಅದು ಉರಿಯುತ್ತಿದ್ದರೂ ಒಳಗಿನ ಸತ್ವ ಹೋಗಿರುತ್ತದೆ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಅದಕ್ಕೆ ಬದಲಾಗುವುದಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ.

ಮೊದಲ ತುತ್ತಿಗೆ ನಾನು ಕೊಡುವುದು ಕೆಂಪು ದಾಸವಾಳ, ಬೆಳಗ್ಗೆ ಬಿಡಿಸಿದ್ದು, ಎಸಳು ಮಾತ್ರ. ಮರುದಿನ ತುರಿದ ಸಿಹಿಕುಂಬಳ. ಹಿತ್ತಿಲಲ್ಲಿ ಇದೆ ಎಂದು ದಿನವೂ ಬಸಳೆ ಹಾಕುವವರೇ ಜಾಸ್ತಿ ಇಲ್ಲಿ. ಅದು ಕ್ಯಾಲ್ಸಿಯಂ ಮೈಗೆ ಹಿಡಿಯಲು ಬಿಡುವುದಿಲ್ಲ, ಬೇಡ. ಆಮೇಲೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಸಣ್ಣ ಹುಳ. ಅಂಗಡಿಯದ್ದೇ ಆಗಲಿ, ತೋಟದ್ದು ಬೇಡ. ಮೇ ತಿಂಗಳು ಬಂದರೆ ಮಕ್ಕಳು ಮಿಂಚುಹುಳ ಹಿಡಿದು ಡಬ್ಬದಲ್ಲಿ ತರುತ್ತಾರೆ. ಆ ಡಬ್ಬ ಪೆಟ್ಟಿಗೆಯ ಹತ್ತಿರವೂ ಸುಳಿಯದ ಹಾಗೆ ನೋಡಿಕೊಳ್ಳಿ, ಒಂದೇ ಒಂದು ಮಿಂಚುಹುಳ ತಿಂದರೂ ಇವು ಸಾಯಬಹುದು.