ಘಾನಾದ ಅಕ್ರಾಗೆ ಹೊಸದಾಗಿ ಬಂದವರಿಗೆ: ಇಮಿಗ್ರೇಶನ್ ಆಫೀಸಿನ ದಾರಿ

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಅಕ್ರಾ ವಿಮಾನ ನಿಲ್ದಾಣದಲ್ಲಿ ಹಾಕಿದ ಸೀಲಿನಲ್ಲಿ ಎಷ್ಟು ದಿನ ಇರಬಹುದು ಅಂತ ಬರೆದಿರುತ್ತಾರೆ. ಲೆಕ್ಕ ಅದರದ್ದು, ವೀಸಾ ಮೇಲಿನ ತಾರೀಖಿನದ್ದಲ್ಲ. ನಮ್ಮ ಸಂಘದ ಒಂದು ಮನೆಯವರು "ಎಲ್ಲಾ ಕಂಪನಿಯವರೇ ನೋಡ್ಕೋತಾರೆ" ಅಂತ ಸುಮ್ನೆ ಕೂತರು. ಗಂಡನಿಗೆ ಇಲ್ಲಿ ವಾಸಿಸೋ ಪರ್ಮಿಟ್ ಆಯಿತು, ಹೆಂಡತಿ ಮಕ್ಕಳದ್ದನ್ನು ಯಾರೂ ಕೇಳಲೇ ಇಲ್ಲ, ದಿನ ಮೀರಿ ದಂಡ ಕಟ್ಟಬೇಕಾಯಿತು. ಇಷ್ಟು ಓದಿದವರು ಹೀಗೆ ಮಾಡಿದರೆ ಹೇಗೆ? ಕೂಸಿನ ಪಾಸ್‌ಪೋರ್ಟನ್ನೂ ಬಿಡದೆ ಒಂದೊಂದಾಗಿ ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇಮಿಗ್ರೇಶನ್ ಮುಖ್ಯ ಕಚೇರಿ ಇರೋದು ಇಂಡಿಪೆಂಡೆನ್ಸ್ ಅವೆನ್ಯೂ ಕಡೆ, ಅಕೋ ಅಜೇಯ್ ಇಂಟರ್‌ಚೇಂಜ್ ಹತ್ತಿರ. ಟ್ಯಾಕ್ಸಿಯವರಿಗೆ ಆ ಇಂಟರ್‌ಚೇಂಜಿನ ಹಳೆಯ ಹೆಸರು 'ಸಂಕಾರಾ' ಅಂದರೂ ತಿಳಿಯುತ್ತೆ. ಬೆಂಗಳೂರಿನ ರೂಢಿಯಲ್ಲಿ ಬರೀ 'ಸರ್ಕಲ್' ಅನ್ನಬೇಡಿ. ಇಲ್ಲಿ ಸರ್ಕಲ್ ಅಂದರೆ ಕ್ವಾಮೆ ಎನ್‌ಕ್ರುಮಾ ಸರ್ಕಲ್ ಒಂದೇ, ಟ್ರೋಟ್ರೋ ವ್ಯಾನಿನವರು ನಿಮ್ಮನ್ನು ಆ ಜನಜಂಗುಳಿಯಲ್ಲಿ ಇಳಿಸಿ ಹೋಗುತ್ತಾರೆ. ವಿಮಾನ ನಿಲ್ದಾಣದ ಕಡೆಯಿಂದ ಬಂದರೆ ಮೊದಲು '37' ಅನ್ನೋ ಹೆಸರಿನ ಮಿಲಿಟರಿ ಆಸ್ಪತ್ರೆ, ಆಮೇಲೆ ಅಧ್ಯಕ್ಷರ ಜುಬಿಲಿ ಹೌಸ್. ಭಾರತ ಕೊಟ್ಟ ಸಾಲದಲ್ಲಿ ಕಟ್ಟಿ 2008ರಲ್ಲಿ ಉದ್ಘಾಟಿಸಿದ ಕಟ್ಟಡ ಅದು, ನೋಡಿದರೆ ನಮಗೂ ಹೆಮ್ಮೆ. ಆದರೆ ಫೋನ್ ಒಳಗಿಡಿ. ಅಲ್ಲಿ ಫೋಟೋ ತೆಗೆದರೆ ಕಾವಲಿನವರು ಹಿಡಿದು ನಿಲ್ಲಿಸುತ್ತಾರೆ.

ಕೌಂಟರಿನಲ್ಲಿ ನೇರವಾಗಿ ಫೈಲ್ ಚಾಚಬೇಡಿ. "ಗುಡ್ ಮಾರ್ನಿಂಗ್" ಅನ್ನಿ, ಹೇಗಿದ್ದೀರಿ ಅಂತ ಕೇಳಿ, ಅವರ ಉತ್ತರ ಬರೋವರೆಗೆ ನಿಲ್ಲಿ, ಆಮೇಲೆ ಕೆಲಸದ ಮಾತು. ಘಾನಾದವರಿಗೆ ಇದು ಬಹಳ ಮುಖ್ಯ. ಕಾಗದ, ದುಡ್ಡು ಏನೇ ಇರಲಿ ಬಲಗೈಯಲ್ಲೇ ಕೊಡಿ. ನಮ್ಮಲ್ಲೂ ಹಾಗೇ ಅಲ್ವಾ, ಆದರೂ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನ್ ಇದ್ದಾಗ ಮರೆತುಬಿಡುತ್ತೇವೆ. ಸಾಲು ಮುರಿದು ನುಗ್ಗೋದು, "ಒಳಗೆ ಯಾರಾದ್ರೂ ಗೊತ್ತಿದ್ದಾರಾ" ಅಂತ ಹುಡುಕೋದು ಬೇಡ. ನಿಮ್ಮ ಹಿಂದೆ ನಾಳೆ ಇನ್ನೊಬ್ಬ ಕನ್ನಡಿಗ ಅದೇ ಕೌಂಟರಿಗೆ ಬರುತ್ತಾನೆ.

ಒಯ್ಯಬೇಕಾದದ್ದು:
ಪಾಸ್‌ಪೋರ್ಟ್
ಜೆರಾಕ್ಸ್, ಎರಡೆರಡು
ಫೋಟೋ
ಕಂಪನಿ ಪತ್ರ
ಮದುವೆ, ಜನನ ಸರ್ಟಿಫಿಕೇಟ್ (ಬರೀ ಕನ್ನಡದಲ್ಲಿದ್ದರೆ ಊರಿಂದ ಇಂಗ್ಲಿಷ್ ಪ್ರತಿ ತರಿಸಿ)

ಪರ್ಮಿಟ್ ಆದ ಮೇಲೆ ವಿದೇಶಿಯರಿಗೆ ಕೊಡೋ ಗುರುತಿನ ಚೀಟಿ, ಘಾನಾ ಕಾರ್ಡ್ ಮಾಡಿಸಿ. ಬ್ಯಾಂಕಿಗೂ ಸಿಮ್ಮಿಗೂ ಅದೇ ಬೇಕು.

ಸಮಯ ಉಳಿದರೆ ಸಮುದ್ರದ ಕಡೆ ಹೋಗಿ ಇಂಡಿಪೆಂಡೆನ್ಸ್ ಸ್ಕ್ವೇರ್, ಹೈ ಸ್ಟ್ರೀಟಿನಲ್ಲಿ ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಸಮಾಧಿ ನೋಡಿ. ತರಕಾರಿಗೆ ಮಕೋಲಾ ಮಾರ್ಕೆಟ್. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, 1974ರಿಂದ ಇಲ್ಲಿ ಗಾಡಿಗಳು ಬಲಬದಿಯಲ್ಲಿ ಓಡುತ್ತವೆ. ಮಕ್ಕಳ ಕೈ ಬಿಡಬೇಡಿ.