ಮುಂದಿನ ಸಂಪುಟ ಬರುವ ತನಕ ಏನನ್ನು ಓದುವುದು?

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಮೊದಲ ಸಂಪುಟ 1996ರಲ್ಲಿ ಹೊರಬಂತು. ಮೂರನೆಯದು 2000ದಲ್ಲಿ, ನಾಲ್ಕನೆಯದು 2005ರಲ್ಲಿ, ಐದನೆಯದು 2011ರಲ್ಲಿ ಪ್ರಕಟವಾದವು; ಆರನೆಯದಕ್ಕಾಗಿ ಓದುಗರು ಒಂದು ದಶಕಕ್ಕೂ ಮಿಕ್ಕಿ ಕಾದಿದ್ದಾರೆ. ಪ್ಯಾಟ್ರಿಕ್ ರಾತ್‌ಫಸ್ ಅವರ ಸರಣಿಯ ಎರಡನೆಯ ಸಂಪುಟವೂ 2011ರದ್ದೇ, ಮೂರನೆಯದರ ಕಾಯುವಿಕೆಯೂ ಅಷ್ಟೇ ದೀರ್ಘ. ವೇಗವಾಗಿ ಬರೆಯುತ್ತಾರೆಂದು ಹೆಸರಾದ ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರ ‘ಸ್ಟಾರ್ಮ್‌ಲೈಟ್’ ಸರಣಿಯಲ್ಲಿಯೂ 2010ರಿಂದ 2024ರವರೆಗೆ ಬಂದ ಬೃಹತ್ ಸಂಪುಟಗಳು ಐದೇ. ಈ ಅವಧಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಲು ಹೊರಟು, ಯಾವುದೂ ರುಚಿಸದೆ, ಓದುವ ಅಭ್ಯಾಸವನ್ನೇ ಕೈಬಿಡುವವರಿದ್ದಾರೆ. ಒಳ್ಳೆಯ ಫ್ಯಾಂಟಸಿ ಕಾದಂಬರಿಗಳಿಗೆ ಕೊರತೆಯಿಲ್ಲ. ಹುಡುಕುವ ಕ್ರಮ ಸರಿಯಿರಬೇಕು, ಅದರಲ್ಲೂ ಈಗಾಗಲೇ ಮುಗಿದಿರುವ ಕಥೆಗಳ ಕಡೆಗೆ ಮೊದಲು ಕಣ್ಣು ಹಾಯಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಡುತ್ತಿರುವುದೇನು ಎಂದು ಮೊದಲು ಗುರುತಿಸಿ

ನೀವು ಮೆಚ್ಚಿದ ಸರಣಿಯಲ್ಲಿ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವ ಮೂರು ಸನ್ನಿವೇಶಗಳನ್ನು ಪುಸ್ತಕ ತೆರೆಯದೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮನ್ನು ಹಿಡಿದಿಟ್ಟದ್ದು ದರ್ಬಾರಿನ ಒಳಸಂಚೇ, ಮಾಂತ್ರಿಕ ಶಕ್ತಿಯ ಕಟ್ಟುನಿಟ್ಟಾದ ನಿಯಮಗಳೇ, ಒಂದು ಪಾತ್ರದೊಂದಿಗಿನ ಒಡನಾಟವೇ ಅಥವಾ ಆ ಲೋಕದ ವಾತಾವರಣ ಮತ್ತು ಭಾಷೆಯೇ ಎಂಬುದು ಸ್ಪಷ್ಟವಾಗುತ್ತದೆ. ಡ್ರ್ಯಾಗನ್ ಇದೆ ಎಂಬ ಕಾರಣಕ್ಕೆ ಇನ್ನೊಂದು ಡ್ರ್ಯಾಗನ್ ಕಥೆಯನ್ನು ಕೊಂಡರೆ ನಿರಾಶೆಯಾಗುವುದು ಹೆಚ್ಚು, ಏಕೆಂದರೆ ಹೆಚ್ಚಿನವರು ಆ ಕಥೆಯನ್ನು ಓದಿದ್ದು ಡ್ರ್ಯಾಗನ್‌ಗಾಗಿ ಅಲ್ಲ.

ಒಳಸಂಚು ನಿಮ್ಮ ಆಸಕ್ತಿಯಾಗಿದ್ದರೆ ಮಾರ್ಟಿನ್ ಅವರೇ ತಮಗೆ ಸ್ಫೂರ್ತಿಯೆಂದು ಬಹಿರಂಗವಾಗಿ ಹೇಳಿಕೊಂಡಿರುವ ಇಬ್ಬರು ಲೇಖಕರಿದ್ದಾರೆ. ಫ್ರೆಂಚ್ ಲೇಖಕ ಮಾರಿಸ್ ದ್ರುವೊನ್ ಅವರ ‘ದಿ ಅಕರ್ಸ್ಡ್ ಕಿಂಗ್ಸ್’ ಏಳು ಕಾದಂಬರಿಗಳ ಸರಣಿ. ಹದಿನಾಲ್ಕನೆಯ ಶತಮಾನದ ಫ್ರಾನ್ಸ್‌ನ ರಾಜಮನೆತನ ಕುಸಿಯುವ ಬಗೆಯನ್ನು ಅದು ಹೇಳುತ್ತದೆ. ಒಂದು ಶಾಪವನ್ನು ಬಿಟ್ಟರೆ ಅದರಲ್ಲಿ ಮಾಂತ್ರಿಕತೆ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಫ್ಯಾಂಟಸಿ ಓದುಗರಿಗೆ ಅದು ಒಗ್ಗುತ್ತದೆ. ಎರಡನೆಯವರು ಟ್ಯಾಡ್ ವಿಲಿಯಮ್ಸ್. 1988ರಲ್ಲಿ ‘ದಿ ಡ್ರ್ಯಾಗನ್‌ಬೋನ್ ಚೇರ್’ ಕಾದಂಬರಿಯೊಂದಿಗೆ ಆರಂಭವಾದ ಅವರ ಸರಣಿ ನಿಧಾನವಾಗಿ ಕಾವೇರುತ್ತದೆ, ಮೊದಲ ಇನ್ನೂರು ಪುಟಗಳಿಗೆ ತಾಳ್ಮೆ ಬೇಕು.

ನಿಯಮಬದ್ಧವಾದ ಮಾಂತ್ರಿಕ ವಿದ್ಯೆ ಇಷ್ಟವಾದವರು ಸ್ಯಾಂಡರ್‌ಸನ್ ಅವರ ಮೊದಲ ‘ಮಿಸ್ಟ್‌ಬಾರ್ನ್’ ತ್ರಿವಳಿಯನ್ನು ಓದಬಹುದು. 2006ರಿಂದ 2008ರೊಳಗೆ ಬಂದ ಈ ಮೂರು ಕಾದಂಬರಿಗಳಲ್ಲಿ ಪಾತ್ರಗಳು ಲೋಹದ ಚೂರುಗಳನ್ನು ನುಂಗಿ, ಅವುಗಳನ್ನು ಒಡಲೊಳಗೆ ಉರಿಸಿ ಶಕ್ತಿ ಪಡೆಯುತ್ತವೆ. ತವರದಿಂದ ಇಂದ್ರಿಯಗಳು ಚುರುಕಾಗುತ್ತವೆ, ಕಬ್ಬಿಣದಿಂದ ಲೋಹದ ವಸ್ತುಗಳನ್ನು ಎಳೆಯಬಹುದು, ಉಕ್ಕಿನಿಂದ ತಳ್ಳಬಹುದು. ಒಂದು ನಾಣ್ಯವನ್ನು ನೆಲಕ್ಕೆ ಬೀಳಿಸಿ, ಅದನ್ನು ಕೆಳಕ್ಕೆ ತಳ್ಳಿದ ಬಲದಿಂದಲೇ ಕಥಾನಾಯಕಿ ಮೇಲಕ್ಕೆ ಚಿಮ್ಮುತ್ತಾಳೆ. ಆಕೆಗಿಂತ ಭಾರವಾದ ವಸ್ತುವನ್ನು ತಳ್ಳಿದರೆ ಅದು ಕದಲುವುದಿಲ್ಲ, ಹಿಂದಕ್ಕೆ ಹೋಗುವವಳು ಆಕೆಯೇ. ಹೀಗೆ ನಿಯಮ ತಿಳಿದಷ್ಟೂ ಕಾಳಗದ ಸನ್ನಿವೇಶಗಳ ಸ್ವಾರಸ್ಯ ಹೆಚ್ಚುತ್ತದೆ.

ಒಂದು ಪಾತ್ರದೊಂದಿಗೆ ವರ್ಷಗಟ್ಟಲೆ ಬದುಕಿದ ಅನುಭವ ಬೇಕೆನ್ನುವವರಿಗೆ ರಾಬಿನ್ ಹಾಬ್ ಅವರಿಗಿಂತ ಉತ್ತಮ ಲೇಖಕಿಯನ್ನು ನಾನು ಸೂಚಿಸಲಾರೆ. ರಾಜಕುಮಾರನೊಬ್ಬನ ಅಕ್ರಮ ಸಂತಾನವಾಗಿ ಹುಟ್ಟಿ, ಕುದುರೆ ಲಾಯದವನ ಆಶ್ರಯದಲ್ಲಿ ಬೆಳೆದು, ಗುಟ್ಟಾಗಿ ಕೊಲೆಗಾರನ ತರಬೇತಿ ಪಡೆಯುವ ಫಿಟ್ಜ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. 1995ರಲ್ಲಿ ‘ಅಸಾಸಿನ್ಸ್ ಅಪ್ರೆಂಟಿಸ್’ ಕಾದಂಬರಿಯಿಂದ ಆರಂಭವಾದ ಈ ಲೋಕದ ಕಥೆ ಹದಿನಾರು ಕಾದಂಬರಿಗಳಲ್ಲಿ ಹರಿದು 2017ರಲ್ಲಿ ಒಂದು ಮುಕ್ತಾಯಕ್ಕೆ ಬಂದಿದೆ. ಮೊದಲ ಮೂರನ್ನು ಮಾತ್ರ ಓದಿ ನಿಲ್ಲಿಸಲೂಬಹುದು.

ಭಾಷೆ ಮತ್ತು ವಾತಾವರಣವನ್ನು ಮೆಚ್ಚುವವರು ಗಾತ್ರದ ಆಸೆಯನ್ನು ಬಿಡಬೇಕಾಗುತ್ತದೆ. ಉರ್ಸುಲಾ ಕೆ. ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರ ಸಣ್ಣ ಕಾದಂಬರಿ. ತನ್ನ ಹಮ್ಮಿನಿಂದ ತಾನೇ ಬಿಡುಗಡೆ ಮಾಡಿದ ನೆರಳೊಂದರಿಂದ ಓಡುತ್ತಲೇ ಬಂದ ತರುಣ ಮಾಂತ್ರಿಕ, ಕೊನೆಗೆ ತಿರುಗಿ ಅದನ್ನೇ ಬೆನ್ನಟ್ಟುವ ಈ ಕಥೆ ದೊಡ್ಡ ಯುದ್ಧವೊಂದೂ ಇಲ್ಲದೆ ಮುಗಿಯುತ್ತದೆ. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ಯೂ ಇದೇ ಸಾಲಿನದು, ಸಮುದ್ರದ ಉಬ್ಬರ ನುಗ್ಗಿ ಬರುವ, ಪ್ರತಿಮೆಗಳಿಂದ ತುಂಬಿದ, ಕೊನೆಯಿಲ್ಲದ ಮನೆಯಲ್ಲಿ ನಡೆಯುವ ಈ ಕಥೆಗೆ 2021ರಲ್ಲಿ ವಿಮೆನ್ಸ್ ಪ್ರೈಝ್ ದೊರೆಯಿತು.

ಮುಗಿದ ಕಥೆಗೆ ಆದ್ಯತೆ ನೀಡಿ

ಎರಡನೆಯ ಹೆಜ್ಜೆ ತೀರ ಸರಳವಾದರೂ ಹಲವರು ಇಲ್ಲಿಯೇ ಎಡವುತ್ತಾರೆ. ಒಂದು ಅಪೂರ್ಣ ಸರಣಿಗಾಗಿ ಕಾಯುತ್ತಿರುವಾಗ ಇನ್ನೊಂದು ಅಪೂರ್ಣ ಸರಣಿಯನ್ನು ಆರಂಭಿಸಿದರೆ ಕಾಯುವ ಪುಸ್ತಕಗಳು ಎರಡಾಗುತ್ತವೆ. ಆದ್ದರಿಂದ ಬಿಡಿ ಕಾದಂಬರಿ ಅಥವಾ ಪೂರ್ಣಗೊಂಡ ತ್ರಿವಳಿಯನ್ನೇ ಆರಿಸಿಕೊಳ್ಳಿ. ಕ್ಯಾಥರೀನ್ ಆಡಿಸನ್ ಅವರ ‘ದಿ ಗಾಬ್ಲಿನ್ ಎಂಪರರ್’ (2014) ಒಂದೇ ಪುಸ್ತಕದಲ್ಲಿ ಪೂರ್ಣವಾಗುವ ಕಥೆ. ತಂದೆ ಮತ್ತು ಅಣ್ಣಂದಿರು ಆಕಾಶನೌಕೆಯ ದುರಂತದಲ್ಲಿ ಸತ್ತ ಕಾರಣ, ಯಾರಿಗೂ ಬೇಡವಾಗಿ ದೂರದಲ್ಲಿ ಬೆಳೆದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಚಕ್ರವರ್ತಿಯಾಗುತ್ತಾನೆ. ಅರಮನೆಯ ರೀತಿ ರಿವಾಜುಗಳ ನಡುವೆ ಒಳ್ಳೆಯವನಾಗಿ ಉಳಿಯುವ ಅವನ ಪ್ರಯತ್ನವೇ ಕಾದಂಬರಿಯ ಜೀವಾಳ.

ಗೈ ಗೇವ್ರಿಯಲ್ ಕೇ ಅವರ ಹೆಚ್ಚಿನ ಕಾದಂಬರಿಗಳೂ ಬಿಡಿಯಾಗಿ ನಿಲ್ಲುತ್ತವೆ. ಟೋಲ್ಕಿನ್ ಅವರ ಮರಣಾನಂತರ ‘ದಿ ಸಿಲ್ಮರಿಲಿಯನ್’ ಸಂಪಾದನೆಯಲ್ಲಿ ನೆರವಾದ ಕೇ, ಚರಿತ್ರೆಯ ಒಂದು ಕಾಲಘಟ್ಟವನ್ನು ತೆಗೆದುಕೊಂಡು ಅದನ್ನು ಒಂದು ಕಲ್ಪಿತ ಲೋಕವಾಗಿ ಕಟ್ಟುತ್ತಾರೆ. ಅವರ ‘ಟಿಗಾನಾ’ (1990) ಕಾದಂಬರಿಯಲ್ಲಿ ಮಗನನ್ನು ಕಳೆದುಕೊಂಡ ದೊರೆಯೊಬ್ಬ ಸೇಡಿಗಾಗಿ ಒಂದು ನಾಡಿನ ಹೆಸರನ್ನೇ ಮಂತ್ರಬಲದಿಂದ ಅಳಿಸಿಬಿಡುತ್ತಾನೆ. ಅಲ್ಲಿ ಹುಟ್ಟಿದವರ ಹೊರತು ಬೇರೆ ಯಾರ ಕಿವಿಗೂ ಆ ಹೆಸರು ಕೇಳಿಸುವುದಿಲ್ಲ. ನಾಡು, ನುಡಿಗಳ ಬಗ್ಗೆ ಮಮತೆಯುಳ್ಳ ಯಾರೇ ಆದರೂ ಇದನ್ನು ಓದಿ ಕಲಕಿಹೋಗುತ್ತಾರೆ. ಕರ್ನಾಟಕದ ಚರಿತ್ರೆಯೇ ಇಂಥ ಕಲ್ಪನೆಗೆ ಆಧಾರವಾಗಿರುವುದನ್ನು ನೋಡಬೇಕಿದ್ದರೆ ಸಲ್ಮಾನ್ ರಶ್ದಿ ಅವರ ‘ವಿಕ್ಟರಿ ಸಿಟಿ’ (2023) ಇದೆ. ಪಂಪಾ ಕಂಪನ ಎಂಬಾಕೆ ಕೊಟ್ಟ ಬೀಜಗಳಿಂದ ವಿಜಯನಗರ ಮೇಲೇಳುವ ಕಥೆ ಅದು. ಹಂಪಿಯನ್ನು ಕಂಡವರು ಅದನ್ನು ಓದುವ ಬಗೆಯೇ ಬೇರೆಯಾಗಿರುತ್ತದೆ.

ಟೆರ್ರಿ ಪ್ರ್ಯಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಒಂದು ವಿನಾಯಿತಿ. 1983ರಿಂದ 2015ರವರೆಗೆ ಬಂದ ನಲವತ್ತೊಂದು ಕಾದಂಬರಿಗಳ ಈ ಸರಣಿಯಲ್ಲಿ ಹೆಚ್ಚಿನವನ್ನು ಬಿಡಿಬಿಡಿಯಾಗಿ ಓದಬಹುದು. ಮೊದಲನೆಯದರಿಂದಲೇ ಆರಂಭಿಸಬೇಕಾಗಿಲ್ಲ, ‘ಮಾರ್ಟ್’ ಅಥವಾ ‘ಗಾರ್ಡ್ಸ್! ಗಾರ್ಡ್ಸ್!’ ಉತ್ತಮ ಪ್ರವೇಶದ್ವಾರಗಳು.

ಅದೇ ಲೇಖಕರ ಸಣ್ಣ ಕೃತಿಗಳು

ಆ ಲೋಕವನ್ನು ಬಿಟ್ಟು ಹೊರಬರಲು ಮನಸ್ಸಿಲ್ಲದಿದ್ದರೆ ಅದೇ ಲೇಖಕರ ಉಪಕಥೆಗಳನ್ನು ನೋಡಬಹುದು. ಮಾರ್ಟಿನ್ ಅವರ ಮೂರು ನೀಳ್ಗತೆಗಳು ‘ಎ ನೈಟ್ ಆಫ್ ದಿ ಸೆವೆನ್ ಕಿಂಗ್‌ಡಮ್ಸ್’ ಹೆಸರಿನಲ್ಲಿ 2015ರಲ್ಲಿ ಒಟ್ಟಾಗಿ ಬಂದವು. ಮುಖ್ಯ ಕಥೆಗಿಂತ ಸುಮಾರು ತೊಂಬತ್ತು ವರ್ಷ ಹಿಂದೆ ನಡೆಯುವ ಇವು ಹಗುರವಾಗಿ, ಮನಸ್ಸಿಗೆ ಹಿತವಾಗಿ ಓದಿಸಿಕೊಳ್ಳುತ್ತವೆ. ಆದರೆ ಇಂಥ ಕೃತಿಗಳು ಮುಖ್ಯ ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ ಎಂಬ ತಿಳಿವಳಿಕೆಯಿಂದಲೇ ಕೈಗೆತ್ತಿಕೊಳ್ಳಬೇಕು. ರಾತ್‌ಫಸ್ ಅವರ 2014ರ ಕಿರುಕೃತಿಯ ಆರಂಭದಲ್ಲಿ, ಇದು ಎಲ್ಲರಿಗೂ ಹಿಡಿಸುವ ಪುಸ್ತಕವಲ್ಲ ಎಂಬ ಎಚ್ಚರಿಕೆಯನ್ನು ಲೇಖಕರೇ ಕೊಟ್ಟಿದ್ದಾರೆ.

ಪ್ರಶಸ್ತಿಗಳ ಅಂತಿಮ ಪಟ್ಟಿಯನ್ನು ಬಳಸುವ ಬಗೆ

ಪ್ರಶಸ್ತಿ ಪಡೆದ ಕೃತಿಗಿಂತ ಅಂತಿಮ ಸುತ್ತಿಗೆ ಬಂದ ಐದಾರು ಕೃತಿಗಳ ಪಟ್ಟಿ ಓದುಗರಿಗೆ ಹೆಚ್ಚು ಉಪಯುಕ್ತ. ಹ್ಯೂಗೊ ಪ್ರಶಸ್ತಿಯನ್ನು ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದ ಸದಸ್ಯರು ಮತ ಹಾಕಿ ನಿರ್ಧರಿಸುತ್ತಾರೆ, ಆದ್ದರಿಂದ ಅಲ್ಲಿ ಜನಪ್ರಿಯತೆಗೆ ತೂಕ ಹೆಚ್ಚು. ಎನ್. ಕೆ. ಜೆಮಿಸಿನ್ ಅವರ ‘ಬ್ರೋಕನ್ ಅರ್ಥ್’ ತ್ರಿವಳಿಯ ಮೂರೂ ಸಂಪುಟಗಳಿಗೆ 2016ರಿಂದ 2018ರವರೆಗೆ ಸತತವಾಗಿ ಈ ಪ್ರಶಸ್ತಿ ಬಂದಿತು, ಮತ್ತು ಆ ಕಥೆ ಪೂರ್ಣಗೊಂಡಿದೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯನ್ನು ತೀರ್ಪುಗಾರರ ಮಂಡಳಿ ನಿರ್ಣಯಿಸುವುದರಿಂದ ಅಲ್ಲಿ ಅಷ್ಟಾಗಿ ಸದ್ದು ಮಾಡದ ಕೃತಿಗಳೂ ಬೆಳಕಿಗೆ ಬರುತ್ತವೆ. 1975ರಲ್ಲಿ ಅದರ ಮೊದಲ ಕಾದಂಬರಿ ಪ್ರಶಸ್ತಿ ಪಡೆದ ಪೆಟ್ರಿಶಿಯಾ ಮೆಕಿಲಿಪ್ ಅವರ ‘ದಿ ಫರ್‌ಗಾಟನ್ ಬೀಸ್ಟ್ಸ್ ಆಫ್ ಎಲ್ಡ್’ ಇಂದಿಗೂ ಹಳತೆನಿಸುವುದಿಲ್ಲ. ಎರಡೂ ಪಟ್ಟಿಗಳಲ್ಲಿ ಕಾಣಿಸಿಕೊಂಡ ಹೆಸರುಗಳನ್ನು ಮೊದಲು ಗುರುತು ಹಾಕಿಕೊಳ್ಳಿ.

ಪುಸ್ತಕ ಕೈಯಲ್ಲಿರುವಾಗ

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂಥ ಕಡೆ ಹಳೆಯ ಪುಸ್ತಕಗಳ ನಡುವೆ ಹುಡುಕುವಾಗ ಸರಣಿಯೊಂದರ ಎರಡನೆಯ ಅಥವಾ ಮೂರನೆಯ ಸಂಪುಟ ಒಂಟಿಯಾಗಿ ಸಿಗುವುದು ಸಾಮಾನ್ಯ. ಮುಖಪುಟದಲ್ಲಿ ಅದನ್ನು ದೊಡ್ಡದಾಗಿ ಹೇಳಿರುವುದಿಲ್ಲ. ಆದ್ದರಿಂದ ಶೀರ್ಷಿಕೆ ಪುಟದ ಹಿಂದುಮುಂದಿನ ಎರಡು ಮೂರು ಹಾಳೆಗಳನ್ನು ತಿರುವಿ, ಅದೇ ಲೇಖಕರ ಇತರ ಕೃತಿಗಳ ಪಟ್ಟಿಯಲ್ಲಿ ಈ ಪುಸ್ತಕ ಯಾವ ಸರಣಿಯ ಕೆಳಗೆ, ಎಷ್ಟನೆಯದಾಗಿ ಬಂದಿದೆ ಎಂದು ನೋಡಿ. ಹಕ್ಕುಸ್ವಾಮ್ಯದ ಪುಟದಲ್ಲಿ ಮೊದಲ ಮುದ್ರಣದ ವರ್ಷ ಸಿಗುತ್ತದೆ. ಆ ವರ್ಷ ಬಹಳ ಹಿಂದಿನದಾಗಿದ್ದು ಪಟ್ಟಿಯಲ್ಲಿ ಒಂದೇ ಸಂಪುಟವಿದ್ದರೆ, ಉಳಿದವು ಬಂದಿವೆಯೇ ಎಂದು ವಿಚಾರಿಸದೆ ಕೊಳ್ಳಬೇಡಿ. ಲೇಖಕರ ಕೃತಜ್ಞತೆಯ ಮಾತುಗಳನ್ನೂ ಓದಿ, ಅಲ್ಲಿ ನೆನೆಯಲಾದ ಲೇಖಕರು ಮುಂದಿನ ಹುಡುಕಾಟಕ್ಕೆ ದಾರಿಯಾಗುತ್ತಾರೆ.

ಬಳಿಕ ಓದಿನ ಪರೀಕ್ಷೆ. ಫ್ಯಾಂಟಸಿಯಲ್ಲಿ ಪೀಠಿಕಾ ಅಧ್ಯಾಯವನ್ನು ಮಾತ್ರ ಓದಿ ತೀರ್ಮಾನಿಸುವುದು ಸರಿಯಲ್ಲ. ಮಾರ್ಟಿನ್ ಅವರ ಮೊದಲ ಸಂಪುಟದ ಪೀಠಿಕೆಯಲ್ಲಿ ಕಥೆಯ ಮುಖ್ಯ ಪಾತ್ರಗಳಲ್ಲಿ ಒಂದೂ ಇರುವುದಿಲ್ಲ. ಮೊದಲ ಅಧ್ಯಾಯವನ್ನು ಪೂರ್ತಿ ಓದಿ, ಅನಂತರ ನಡುಭಾಗದಲ್ಲಿ ಮಾತುಕತೆ ಇರುವ ಒಂದು ಪುಟವನ್ನು ತೆರೆಯಿರಿ. ಪಾತ್ರಗಳು ಓದುಗರಿಗೆ ಮಾಹಿತಿ ಒದಗಿಸುವುದಕ್ಕಾಗಿಯೇ ಮಾತನಾಡುತ್ತಿವೆ ಎನ್ನಿಸಿದರೆ ಪುಸ್ತಕವನ್ನು ಕೆಳಗಿಡಬಹುದು. ಇ-ಪುಸ್ತಕಗಳಲ್ಲಿ ಉಚಿತ ಮಾದರಿ ಅಧ್ಯಾಯಗಳನ್ನು ಇಳಿಸಿಕೊಂಡು ಇದೇ ಪರೀಕ್ಷೆ ಮಾಡಬಹುದು, ಆದರೆ ನಡುವಿನ ಪುಟ ಅಲ್ಲಿ ಸಿಗುವುದಿಲ್ಲ.

ಓದಿನ ವೇಳಾಪಟ್ಟಿ

ಹಾಬ್ ಅಥವಾ ವಿಲಿಯಮ್ಸ್ ಅವರಂಥ ದೀರ್ಘ ಓದುಗಳನ್ನು ಕಾಯುವಿಕೆಯ ಆರಂಭದಲ್ಲಿಯೇ ಕೈಗೆತ್ತಿಕೊಳ್ಳಿ. ಹೊಸ ಸಂಪುಟದ ಬಿಡುಗಡೆಯ ದಿನಾಂಕ ಪ್ರಕಟವಾದ ಮೇಲೆ ಸಣ್ಣ ಬಿಡಿ ಕಾದಂಬರಿಗಳಿಗೆ ಹೊರಳುವುದು ಒಳ್ಳೆಯದು. ಸಾವಿರ ಪುಟ ದಾಟುವ ಸಂಪುಟಗಳ ಸರಣಿಯನ್ನು ಮೊದಲಿನಿಂದ ಮರು ಓದುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಅಂಥವರು ಕಡೆಯ ಸಂಪುಟವೊಂದನ್ನು ಮಾತ್ರ ಮತ್ತೆ ಓದಿ, ಮೊದಲಿನವುಗಳ ಮಟ್ಟಿಗೆ ಕೊನೆಯ ಕೆಲವು ಅಧ್ಯಾಯಗಳನ್ನು ಮತ್ತು ಅನುಬಂಧದಲ್ಲಿರುವ ಮನೆತನಗಳ ಪಟ್ಟಿಯನ್ನು ನೋಡಿಕೊಂಡರೆ ಹೊಸ ಸಂಪುಟಕ್ಕೆ ಸಾಕಷ್ಟು ಸಿದ್ಧತೆಯಾಗುತ್ತದೆ.